ಹಸಿರಿಗೆ ಒಂದೇ ಪದ್ಯ

"ಎಲ್ಲರೂ ಎರಡೆರಡು ಹೆಜ್ಜೆ ಹಿಂದೆ ಸರೀರಿ!" ಎಂದು ನಮ್ಮ ಭಾವ ಸಂಜೀವಪ್ಪ ಅಪ್ಪಣೆ ಕೊಟ್ಟರು.

ಎಲ್ಲರೂ ಅಂದರೆ ನಾನು ಮತ್ತು ನನ್ನ ಹೆಂಡತಿ ನಾಗವೇಣಿ, ಇಬ್ಬರೇ. ನಾನು ಸರಿದೆ. ಅಂಗಡಿಯ ಹೊಸಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ ನಾಗವೇಣಿ ಕದಲಲಿಲ್ಲ.

"ಅಣ್ಣಾ, ಹೋದ್ಸಲ ಮಳೆ ವಾಸ್ನೆ ಬಂದ್ರೆ ತಾನೇ ಬಿಚ್ಕೊಳೋ ಛತ್ರಿ ಅಂತ ತಂದ್ಕೊಟ್ಟೆ. ನಾನು ಒಗ್ಗರಣೆ ಹಾಕ್ದಾಗೆಲ್ಲ ಅಡುಗೆಮನೇಲಿ ಬಿಚ್ಕೊಂತು. ಇದೇನು ಮಾಡತ್ತೆ?"

"ಇದು ಕತ್ತಿ ಮಸೆಯತ್ತೆ ಕಣೇ! ನಿನ್ನ ಗಂಡನ ಕೈ ನೋವಿಗೋಸ್ಕರ ಮೂರು ತಿಂಗಳು ಒದ್ದಾಡಿ ಮಾಡಿದೀನಿ. ನೀನು ಛತ್ರಿ ಕತೆ ಹೇಳ್ತಿದೀಯ!" ಎಂದು ಭಾವ ಮೀಸೆ ತಿರುವಿದರು. ಅವರ ಮೀಸೆ ಅರಸೀಕೆರೆ ಸ್ಟೇಷನ್ ರಸ್ತೆಗೇ ಹೆಸರುವಾಸಿ. ಎಡಗಡೆ ತುದಿಗೂ ಬಲಗಡೆ ತುದಿಗೂ ಬೇರೆ ಬೇರೆ ಬಾಚಣಿಗೆ ಇಟ್ಟಿದ್ದವರು ಅವರು!

ಭಾವ ಹೇಳಿದ್ದು ನಿಜ. ಐದು ತಿಂಗಳಿಂದ ನನ್ನ ಬಲಭುಜ ಹಿಡಿದುಕೊಂಡಿತ್ತು. "ಎಂಟು ದಿನ ಕೈಗೆ ಪೂರಾ ವಿಶ್ರಾಂತಿ ಕೊಡು" ಎಂದು ಡಾಕ್ಟರು ಹೇಳಿದ್ದರು. ಕ್ಷೌರದ ಅಂಗಡಿಯವನಿಗೆ ಎಂಟು ದಿನ ಎಲ್ಲಿಂದ ಬರಬೇಕು? ಹಾಗಂತ ಗಿರಾಕಿಗಳಿಗೆ ತೊಂದರೆಯೇನೂ ಇರಲಿಲ್ಲ. ಈಗ ಎಲ್ಲರಿಗೂ ಹೊಸ ಬ್ಲೇಡು, ಮಸೆಯುವ ಮಾತೇ ಇಲ್ಲ. ನನ್ನ ಸಂಕಟವೆಲ್ಲ ಶ್ಯಾಮಣ್ಣ ಮೇಷ್ಟ್ರದು.

ಮೇಷ್ಟ್ರು ಗಮಕಿಗಳು. ಪುರಾಣದ ಷಟ್ಪದಿಗಳನ್ನು ಅವರು ಓದುವುದನ್ನು ಕೇಳುತ್ತಲೇ ನಾನು ಬೆಳೆದೆ. ಅಪ್ಪ ನನ್ನನ್ನು ಸಭೆಯ ಕೊನೆಯ ಸಾಲಿನಲ್ಲಿ ಕೂರಿಸಿ, "ಪದ್ಯ ನಡೀವಾಗ ಕೆಮ್ಮಬಾರ್ದು, ಎದ್ದೋಗಬಾರ್ದು, ಸದ್ದು ಮಾಡಬಾರ್ದು" ಎಂದು ಕಲಿಸಿದ್ದ. ಬ್ಲೇಡು ತಾಗಿದರೆ ಮೇಷ್ಟ್ರ ಮುಖವೆಲ್ಲ ಗುಳ್ಳೆ. ಅಪ್ಪನ ಹಳೆಯ ಕತ್ತಿ, ಕೋಣನ ಕೊಂಬಿನ ಹಿಡಿಯದು, ಅದೊಂದೇ ಅವರಿಗೆ ಒಗ್ಗುತ್ತಿದ್ದುದು. ಅದನ್ನು ಮೇಷ್ಟ್ರಿಗಲ್ಲದೆ ಇನ್ನೊಬ್ಬರಿಗೆ ನಾನು ಮುಟ್ಟಿಸಿಲ್ಲ.

ಆ ಕತ್ತಿಯನ್ನು ಮಸೆಯುವುದಕ್ಕೆ ಅಪ್ಪನದೊಂದು ಲೆಕ್ಕವಿತ್ತು. ಅವನ ಬಳಿ ಎರಡು ಚರ್ಮದ ಪಟ್ಟಿಗಳಿದ್ದವು. ಒಂದಕ್ಕೆ ಹಸಿರು ಪೇಸ್ಟು ಸವರಿರುತ್ತಿತ್ತು, ಇನ್ನೊಂದು ಬರಿಯ ಚರ್ಮ. ಕತ್ತಿಯ ಬೆನ್ನು ಮುಂದೆ ಮಾಡಿ ಎಳೆಯುತ್ತ, ಪದ್ಯ ಗುನುಗುತ್ತ, "ಹಸಿರಿಗೆ ಒಂದೇ ಪದ್ಯ, ಚರ್ಮಕ್ಕೆ ಎರಡು" ಎನ್ನುತ್ತಿದ್ದ. ಹಸಿರು ಪೇಸ್ಟಿನಲ್ಲಿ ಕಣ್ಣಿಗೆ ಕಾಣದ ಪುಡಿಯಿದೆ. ಅದು ಕಬ್ಬಿಣವನ್ನು ತಿನ್ನುತ್ತದೆ, ಆಸೆಪಟ್ಟು ಹೆಚ್ಚು ಮಸೆದರೆ ಕತ್ತಿಯೇ ಸವೆದುಹೋಗುತ್ತದೆ.

ಭುಜ ಹಿಡಿದ ಮೇಲೆ ನನ್ನಿಂದ ಅರ್ಧ ಪದ್ಯದಷ್ಟೂ ಎಳೆಯಲಾಗುತ್ತಿರಲಿಲ್ಲ. ಹೋದ ವಾರ ಮೊಂಡು ಅಲಗು ಮೇಷ್ಟ್ರ ಗದ್ದವನ್ನು ಕೊಯ್ದುಬಿಟ್ಟಿತು. ಅವತ್ತು ಸಂಜೆ ಗದ್ದಕ್ಕೆ ಹತ್ತಿ ಅಂಟಿಸಿಕೊಂಡೇ ಓದಿದರು. ಮೇಲಿನ ಸ್ವರಕ್ಕೆ ಹೋದಾಗೆಲ್ಲ ಮುಖ ಕಿವುಚಿಕೊಳ್ಳುತ್ತಿದ್ದರು. ಕೊನೆಯ ಸಾಲಿನಲ್ಲಿ ಕೂತಿದ್ದ ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತ್ತು. ಇವತ್ತು ಸಂಜೆ ವಾಚನದ ಕೊನೆಯ ದಿನ, ಮಂಗಳ. ಇವತ್ತೂ ಕೊಯ್ದರೆ ಅಪ್ಪನ ಕತ್ತಿಯನ್ನು ಕೈಯಲ್ಲಿ ಹಿಡಿಯುವ ಯೋಗ್ಯತೆ ನನಗಿಲ್ಲ.

"ನೋಡು ರಂಗಧಾಮ," ಎಂದು ಭಾವ ಯಂತ್ರದ ಮೈ ಸವರಿದರು. ಕನ್ನಡಿಯ ಮುಂದಿನ ಹಲಗೆಯ ಮೇಲೆ, ಕುರ್ಚಿಯಲ್ಲಿ ಕೂತವರ ಗದ್ದದ ಮಟ್ಟಕ್ಕೆ ಅದನ್ನು ಬಿಗಿದಿದ್ದರು. ಹೊಲಿಗೆ ಮಿಷನ್ನಿನ ಮೋಟಾರು, ಕತ್ತಿ ಕಚ್ಚಿ ಹಿಡಿದ ತಗಡಿನ ಕೈ, ಪೇಸ್ಟು ತುಂಬಿದ ಮಿಕ್ಸಿ ಜಾರು. "ಇದಕ್ಕೆ ಕಿವಿ ಇದೆ. ಪದ್ಯ ಕೇಳ್ತಾ ಮಸೆಯತ್ತೆ, ಪದ್ಯ ನಿಂತ್ರೆ ನಿಲ್ಲತ್ತೆ. ಒಂದೊಂದು ಪದ್ಯಕ್ಕೂ ಪುಡೀನ ಹತ್ತು ಪಟ್ಟು ನುಣ್ಣಗೆ ತಾನೇ ಅರಕೊಳ್ಳತ್ತೆ. ಕರೆಂಟ್ ಹೋದ್ರೆ ಬ್ಯಾಟರಿ!"

"ಬರಿ ಚರ್ಮದ ಪಟ್ಟಿ ಎಲ್ಲಿ ಭಾವಾ?"

"ಅದು ದಂಡ! ತೆಗೆದುಹಾಕ್ದೆ."

ಮನಸ್ಸಿಗೆ ಪಿಚ್ಚೆನಿಸಿತು. ಆದರೂ ಕೈಮುಗಿದು ಒಂದು ಪದ್ಯ ಹೇಳಿದೆ. ಯಂತ್ರ ತಾಳ ತಪ್ಪದೆ ಎಳೆಯಿತು, ಪದ್ಯ ಮುಗಿದೊಡನೆ ನಿಂತಿತು. ಒಂದು ಕೂದಲು ಹಿಡಿದು ಅಲಗಿಗೆ ತಾಗಿಸಿದೆ. ಎರಡು ತುಂಡು! ಅಪ್ಪನ ಕಾಲದ ಹರಿತ! ನನ್ನ ಕಣ್ಣು ಒದ್ದೆಯಾಯಿತು.

"ಛತ್ರಿಗಿಂತ ವಾಸಿ" ಎಂದಳು ನಾಗವೇಣಿ.

ಅಷ್ಟರಲ್ಲಿ ಶ್ಯಾಮಣ್ಣ ಮೇಷ್ಟ್ರು ಬಂದು ಕುರ್ಚಿಯಲ್ಲಿ ಕೂತರು. ಎಂಟು ದಿನದ ಬಿಳಿ ಗಡ್ಡ. ಹೆಗಲ ಮೇಲೆ ಟವೆಲು ಹೊದಿಸಿದೆ. ಭಾವ ತಡೆಯಲಾರದೆ ಯಂತ್ರದ ಮಹಿಮೆ ಹೇಳಿಬಿಟ್ಟರು.

"ಪದ್ಯ ಕೇಳುವ ಯಂತ್ರವೇ!" ಎಂದು ಮೇಷ್ಟ್ರು ಸಂತೋಷಪಟ್ಟರು. "ನಮ್ಮ ಮಕ್ಕಳೇ ಕೇಳೋದಿಲ್ಲವಲ್ಲಯ್ಯಾ! ಕೇಳೋದಾದರೆ ಕೇಳಲಿ." ಹೀಗೆಂದವರೇ ಕಣ್ಣು ಮುಚ್ಚಿ ಯುದ್ಧದ ಭಾಗವನ್ನು ಎತ್ತಿಕೊಂಡರು.

ಆ ಭಾಗದಲ್ಲಿರುವುದು ಮೂವತ್ತೆರಡು ಪದ್ಯ. ನಡುವೆ ನಿಲ್ಲಿಸುವ ಪದ್ಧತಿ ಮೇಷ್ಟ್ರಿಗಿಲ್ಲ!

ಮೂರನೆಯ ಪದ್ಯಕ್ಕೆ ಅಲಗು ತಂಬೂರಿಯಂತೆ ಮಿಡಿಯತೊಡಗಿತು. ಏಳಕ್ಕೆ ಗೋಡೆಯ ಕ್ಯಾಲೆಂಡರಿನ ಕೆಳಗಿನರ್ಧ ಕಳಚಿ ಬಿತ್ತು. ಒಂಬತ್ತಕ್ಕೆ, ತಲೆಗೂದಲ ಶೈಲಿ ತೋರಿಸುವ ನನ್ನ ಪೋಸ್ಟರಿನ ಹನ್ನೆರಡು ಗಂಡಸರ ಮೀಸೆಗಳೂ ಒಂದೇ ಪಟ್ಟಿಯಾಗಿ ಜಾರಿ ನೆಲಕ್ಕೆ ಬಿದ್ದವು!

"ಭಾವಾ, ನಿಲ್ಸಿ!" ಎಂದು ಪಿಸುಗುಟ್ಟಿದೆ.

ಭಾವ ಸ್ವಿಚ್ಚಿಗೆ ಕೈ ಹಾಕಿದರು. ಅದೋ ಹಳೆಯ ಕಾಲದ ಸ್ವಿಚ್ಚು, ಒತ್ತಿದರೆ ಪಟಾಕಿಯ ಸದ್ದು. ನಾನು ಅವರ ಕೈ ಹಿಡಿದುಕೊಂಡೆ.

"ಬೇಡಿ! ಪದ್ಯ ನಡೀತಿದೆ, ಸದ್ದಾಗತ್ತೆ!"

"ಲೋ, ಅಂಗಡಿ ಕೊಯ್ದೋಗ್ತಿದೆ ಕಣೋ!"

"ಕೊಯ್ದೋಗ್ಲಿ. ಮಂಗಳದ ದಿನ ಮೇಷ್ಟ್ರ ಪದ್ಯ ಮುರಿಯೋದು ನನ್ನ ಕೈಲಾಗಲ್ಲ."

"ಇಬ್ಬರೂ ಹುಚ್ಚರೇ!" ಎಂದು ನಾಗವೇಣಿ ಕೂತಲ್ಲಿಂದಲೇ ಕೈ ಚಾಚಿ ವೈರು ಕಿತ್ತಳು. ಬ್ಯಾಟರಿ ಹಸಿರು ದೀಪ ಹಚ್ಚಿ ನಕ್ಕಿತು. ಪದ್ಯ ಹದಿನಾಲ್ಕು.

ನನ್ನ ಅಂಗಿಯ ಕಾಲರು ಸದ್ದಿಲ್ಲದೆ ಕಳಚಿ ಕೈಗೆ ಬಂತು. ಕತ್ತು ಮುಟ್ಟಿ ನೋಡಿಕೊಂಡೆ, ಗೀರೂ ಇಲ್ಲ! ಏನಾಗುತ್ತಿದೆಯೆಂದು ನೋಡಲು ಭಾವ ಬಗ್ಗಿದರು. ಅಷ್ಟೇ. ಎರಡು ಬಾಚಣಿಗೆಯ ಆ ಮೀಸೆ ಇಡಿಯಾಗಿ ಅವರೆಕಾಯಿ ಸಿಪ್ಪೆಯ ಮೇಲೆ ಬಿತ್ತು.

ಭಾವ ಕಿರುಚಲು ಬಾಯಿ ತೆರೆದರು. ನಾನು ಅವರ ಬಾಯಿ ಮುಚ್ಚಿದೆ. ಮುಚ್ಚಿದ ಕೈಯೊಳಗೇ ಅವರ ಗೋಳು.

ಮೂವತ್ತೆರಡನೆಯ ಪದ್ಯ ಮುಗಿಯಿತು. ಯಂತ್ರ ನಿಂತಿತು. ತಗಡಿನ ಕೈಯಲ್ಲಿ ಕೊಂಬಿನ ಹಿಡಿ ಮಾತ್ರ ಇತ್ತು. ಅಲಗು ಇರಲಿಲ್ಲ.

ಹಸಿರಿಗೆ ಒಂದೇ ಪದ್ಯ ಎಂದಿದ್ದ ಅಪ್ಪ. ನಾನು ಮೂವತ್ತೆರಡು ಕೊಟ್ಟಿದ್ದೆ. ಅವನ ಕತ್ತಿಯನ್ನು ತಿನ್ನಿಸಿಬಿಟ್ಟಿದ್ದೆ. ಇನ್ನು ಮೇಷ್ಟ್ರಿಗೆ ಯಾವ ಮುಖದಲ್ಲಿ ಹೇಳಲಿ?

ಮೇಷ್ಟ್ರು ಕಣ್ಣು ತೆರೆದು ಗದ್ದ ಸವರಿಕೊಂಡರು. ಇನ್ನೊಂದು ಸಲ ಸವರಿಕೊಂಡರು. ಬಿಳಿ ಗಡ್ಡವೆಲ್ಲ ಟವೆಲಿನ ಮೇಲೆ ಹತ್ತಿಯಂತೆ ಕೂತಿತ್ತು. ಮುಖ ಎಳೆಯ ಮಗುವಿನದು! ಹೋದ ವಾರದ ಗಾಯದ ಹತ್ತಿರವೂ ಉರಿಯಿಲ್ಲ!

"ಯಾವಾಗ ಮಾಡಿದೆಯೋ ರಂಗಧಾಮ? ಮುಟ್ಟಿದ್ದೇ ಗೊತ್ತಾಗಲಿಲ್ಲ. ನಿಮ್ಮಪ್ಪನ ಕೈ ಬಂತಲ್ಲೋ ನಿನಗೆ!"

ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಅವರು ಹೋದ ಮೇಲೆ ಭಾವನ ಕಾಲಿಗೂ ಬಿದ್ದೆ.

"ಏಳು, ಏಳು" ಎಂದರು ಭಾವ, ಮೀಸೆಯನ್ನು ಕಾಗದದಲ್ಲಿ ಸುತ್ತಿಕೊಳ್ಳುತ್ತ. "ಅಲಗು ಎಲ್ಲೂ ಹೋಗಿಲ್ಲ. ಹೋಳಿಗೆ ಲಟ್ಟಿಸಿದ ಹಾಗೆ ತೆಳ್ಳಗೆ ಹರಡ್ಕೊಂಡಿದೆ. ಒಂದೊಂದು ಪದ್ಯಕ್ಕೂ ಇನ್ನಷ್ಟು ಅಗಲ. ಎಲ್ಲಾನೂ ಕತ್ತರಿಸತ್ತೆ, ಆದ್ರೆ ಜೀವ ಇರೋ ಚರ್ಮ ಆ ಕ್ಷಣಾನೇ ಕೂಡ್ಕೊಳತ್ತೆ. ಕೂದಲಿಗೆ ಜೀವ ಇಲ್ಲ, ಉದುರತ್ತೆ."

"ಗೋಡೆ?" ಎಂದಳು ನಾಗವೇಣಿ.

"ಕತ್ತರಿಸಿದ್ರೂ ತನ್ನ ಭಾರಕ್ಕೆ ಅಲ್ಲೇ ಕೂತಿರತ್ತೆ."

ಅಪ್ಪನ ಕತ್ತಿ ಸವೆದಿಲ್ಲ, ಅಗಲವಾಗಿದೆ! ದೇವರೇ, ಇನ್ನೇನು ಬೇಕು? ಆ ಸಂತೋಷದಲ್ಲಿ ಯಂತ್ರದ ಸ್ವಿಚ್ಚು ಆರಿಸುವುದನ್ನು ಮೂವರೂ ಮರೆತೆವು. ಅದರ ಕಿವಿಯನ್ನೂ ಮರೆತೆವು. ವಾಚನದ ಸಭಾಭವನ ಇದ್ದದ್ದು ಪಕ್ಕದ ಬೀದಿಯಲ್ಲಿ. ಅವತ್ತು ಮಂಗಳವೆಂದು ಧ್ವನಿವರ್ಧಕ ಬೇರೆ ಕಟ್ಟಿದ್ದರು!

ಸಂಜೆ ನಾನು ಎಂದಿನಂತೆ ಕೊನೆಯ ಸಾಲಿನಲ್ಲಿ ಕೂತೆ. ಮೇಷ್ಟ್ರ ದನಿ ಆವತ್ತು ಏರಿದ ಎತ್ತರವನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಐದನೆಯ ಪದ್ಯಕ್ಕೆ, ಕುರ್ಚಿಯಲ್ಲಿ ಕೂತಿದ್ದ ಅಧ್ಯಕ್ಷರ ಗಡ್ಡ ಅವರ ತೊಡೆಯ ಮೇಲಿಳಿಯಿತು. ಅವರು ಗಮನಿಸಲಿಲ್ಲ, ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಆಮೇಲೆ ಎರಡನೆಯ ಸಾಲು, ಮೂರನೆಯ ಸಾಲು. ಹೆಂಗಸರು ಚಾಪೆಯ ಮೇಲೆ ಕೂತಿದ್ದರಿಂದ ಜಡೆಗಳು ಉಳಿದವು. ಪದ್ಯದಿಂದ ಪದ್ಯಕ್ಕೆ ಅಪ್ಪನ ಕತ್ತಿ ಸಭೆಯನ್ನು ದಾಟಿ, ಸ್ಟೇಷನ್ ದಾಟಿ, ಊರಿನ ಮೇಲೆಲ್ಲ ಮೃದುವಾಗಿ ಹಾಯುತ್ತಿತ್ತು. ಓಡಿಹೋಗಿ ನಿಲ್ಲಿಸಬಹುದಿತ್ತು. ಆದರೆ ಪದ್ಯದ ನಡುವೆ ಏಳುವುದು ಹೇಗೆ? ನಾನು ಕೈಮುಗಿದು ಕೂತು ಕೊನೆಯವರೆಗೂ ಕೇಳಿದೆ.

ಆಮೇಲೆ ಎಂಟು ದಿನ ನನ್ನ ಅಂಗಡಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಭುಜ ಈಗ ಪೂರ್ತಿ ವಾಸಿ.