ರಜೆಯಲ್ಲಿ ಎತ್ತಾದ ನುಮೇರಿಯಸ್

ರೋಮಿನ ದಕ್ಷಿಣಕ್ಕೆ ಗುಡ್ಡದ ಮೇಲಿರುವ ನಮ್ಮ ಪಟ್ಟಣದಲ್ಲಿ, ದ್ರಾಕ್ಷಿ ಕೊಯ್ಲು ಮುಗಿದ ಮಾರನೆಯ ಬೆಳಿಗ್ಗೆ ಭೂಮಿ ನಡುಗಿ ಎರಡು ಬೀದಿಗಳು ನೆಲಸಮವಾದವು. ಕೂಡಲೇ ಪ್ರಧಾನ ಅರ್ಚಕ ಹೆರೆನ್ನಿಯಸ್ ಅವರು ಪವಿತ್ರ ರಜೆ ಘೋಷಿಸಿದರು. ಊರಿನ ಡಂಗುರದವನಾದ ನಾನು ಮೈಮೇಲಿನ ಸುಣ್ಣ ಕೊಡವಿಕೊಂಡು ಸಾರಿದೆ:

"ಭೂಮಿಯನ್ನು ಅಲ್ಲಾಡಿಸಿದ್ದು ದೇವರೋ ದೇವಿಯೋ ತಿಳಿದುಬಂದಿಲ್ಲವಾದ್ದರಿಂದ, ಸಂಬಂಧಪಟ್ಟವರ ಗೌರವಾರ್ಥ ಮೂರು ದಿನ ಯಾರೂ ಯಾವ ಕೆಲಸವನ್ನೂ ಮಾಡತಕ್ಕದ್ದಲ್ಲ. ರಜೆಯ ಅವಧಿಯಲ್ಲಿ ಭೂಮಿ ಮತ್ತೆ ನಡುಗಿದರೆ ವರದಿ ಮಾಡತಕ್ಕದ್ದಲ್ಲ. ಒಂದು ಭೂಕಂಪದ ರಜೆಯಲ್ಲಿ ಇನ್ನೊಂದಕ್ಕೆ ಅವಕಾಶವಿಲ್ಲ."

ಆಗ ರೊಟ್ಟಿ ಸುಡುವ ನುಮೇರಿಯಸ್ ತನ್ನದೇ ಅಂಗಡಿಯ ಗೋಡೆಯಡಿ ಸಿಕ್ಕಿ ಕೂಗಿಕೊಳ್ಳುತ್ತಿದ್ದ. ಅವನ ಹೆಂಡತಿ ಟೆಟ್ಟಿಯಾ ಹಾರೆ ಎತ್ತಿದಳು. ಹೆರೆನ್ನಿಯಸ್ ತಡೆದರು.

"ಅಗೆಯೋದು ಕೆಲಸ ಕಣಮ್ಮ."

"ಅಯ್ಯನೋರೆ, ಒಳಗೆ ನನ್ನ ಗಂಡ ಸಾಯ್ತಾ ಇದಾನೆ!"

"ಸಾಯೋದು ಕೆಲಸ ಅಲ್ಲ. ಅದಕ್ಕೆ ಅಡ್ಡಿ ಇಲ್ಲ."

ಟೆಟ್ಟಿಯಾ ಬಿಕ್ಕಿ ಬಿಕ್ಕಿ ಅತ್ತಳು. ಹೆರೆನ್ನಿಯಸ್ ಕಲ್ಲುಹೃದಯದವರಲ್ಲ. ನಿಯಮಗಳನ್ನೆಲ್ಲ ನೆನಪಿಸಿಕೊಂಡು, ಗುಂಡಿಗೆ ಬಿದ್ದ ಎತ್ತನ್ನು ರಜೆಯಲ್ಲೂ ಮೇಲೆತ್ತಬಹುದು, ಮನುಷ್ಯರ ಬಗ್ಗೆ ಮಾತ್ರ ಏನೂ ಹೇಳಿಲ್ಲ ಎಂದರು.

"ಹಂಗಾದ್ರೆ ಅವನೇ ಎತ್ತು! ಬರ್ಕೊಳ್ಳಿ," ಎಂದಳು ಟೆಟ್ಟಿಯಾ.

ಕಲ್ಲಿನಡಿಯಿಂದ ನುಮೇರಿಯಸ್ ಗುಡುಗಿದ: "ಎತ್ತಾ? ಮರ್ಯಾದಸ್ಥ ಕಣೇ ನಾನು! ಬರೆಯೋದೇ ಆದ್ರೆ ಹೋರಿ ಅಂತ ಬರೀರಿ!"

"ನಿಯಮದಲ್ಲಿ ಹೋರಿ ಇಲ್ಲಪ್ಪ," ಎಂದರು ಅರ್ಚಕರು.

"ಹೋರಿಯಂತೆ ಹೋರಿ! ನನಗೆ ಗೊತ್ತಿಲ್ವಾ ನಿನ್ನ ಹಣೆಬರಹ? ಒಪ್ಕೊಂಡು ಈಚೆಗೆ ಬಾರೋ!" ಎಂದು ಟೆಟ್ಟಿಯಾ ಕಲ್ಲಿನತ್ತ ಬಾಗಿ ಕೂಗಿದಳು.

ಆಗ ಭೂಮಿ ಮತ್ತೊಮ್ಮೆ ನಡುಗಿತು. ಅದು ನಡೆಯಲಿಲ್ಲವೆಂದು ನಾವೆಲ್ಲ ತಲೆ ತಗ್ಗಿಸಿ ನಿಂತೆವು. ನಡೆಯದ ಕಂಪನಕ್ಕೆ ಒಂದು ತೊಲೆ ಜಾರಿ ನುಮೇರಿಯಸನ ಕಾಲ ಮೇಲೆ ಬಿತ್ತು. ಅವನು "ಅಂಬಾ" ಎಂದ. ಅದನ್ನು ಒಪ್ಪಿಗೆಯೆಂದು ದಾಖಲಿಸಿ ಹೊರಗೆಳೆದೆವು.

ಮೂರನೆಯ ದಿನ ರಜೆ ಮುಗಿಸಲು ಎತ್ತಿನ ಬಲಿ ಕೊಡಬೇಕಿತ್ತು. ಊರಿನ ಎತ್ತುಗಳೆಲ್ಲ ಹಗ್ಗ ಹರಿದುಕೊಂಡು ಕಾಡು ಸೇರಿದ್ದವು. ದಾಖಲೆಯಲ್ಲಿ ಉಳಿದಿದ್ದುದು ಒಂದೇ. ನುಮೇರಿಯಸನ ಕೊರಳಿಗೆ ಹೂಮಾಲೆ ಬಿತ್ತು. ಅವನ ರೊಟ್ಟಿ ತಿಂದು ಬೆಳೆದವನು ನಾನು. ಆದರೆ ಡಂಗುರ ಬಾರಿಸುವುದನ್ನು ನಿಲ್ಲಿಸಲಿಲ್ಲ.

ಹೆರೆನ್ನಿಯಸ್ ಅವನನ್ನು ಕೊಂಬಿರಬೇಕಾದ ಜಾಗದಿಂದ ಗೊರಸಿರಬೇಕಾದ ಜಾಗದವರೆಗೆ ಪರೀಕ್ಷಿಸಿ, "ಕಾಲು ಊನ. ಬಲಿಗೆ ಯೋಗ್ಯವಲ್ಲ," ಎಂದರು.

ಟೆಟ್ಟಿಯಾ ಸಂತೋಷದಿಂದ ಅಲ್ಲೇ ಕುಸಿದು ಕೂತಳು. ನುಮೇರಿಯಸನಿಗೆ ಮಾತ್ರ ಮುಖ ಕೆಂಪಾಯಿತು. "ಇಷ್ಟು ಜನರ ಮುಂದೆ ಯೋಗ್ಯ ಅಲ್ಲ ಅಂದ್ರೆ ಹೆಂಗೆ ಅಯ್ಯನೋರೆ? ಕಾಲು ವಾಸಿಯಾಗಲಿ, ಇನ್ನೊಂದ್ಸಲ ನೋಡಿ!"

ಮನವಿ ಪುರಸ್ಕೃತವಾಯಿತು. ಪ್ರತಿ ಹುಣ್ಣಿಮೆಗೆ ಮರುಪರೀಕ್ಷೆ, ಅಲ್ಲಿಯವರೆಗೆ ರಜೆ ಮುಂದುವರಿಕೆ ಎಂದು ಸಾರಿದೆ. ಇದಕ್ಕೀಗ ಒಂಬತ್ತು ವರ್ಷ. ಬಿದ್ದ ಗೋಡೆಗಳು ಬಿದ್ದಲ್ಲೇ ಇವೆ, ಕಟ್ಟುವುದು ಕೆಲಸ. ರೊಟ್ಟಿ ಸುಡುವುದನ್ನು ಅರ್ಚಕರಿಗೆ ಹಸಿವಾದ ದಿನವೇ ಪೂಜೆಗೆ ಸೇರಿಸಲಾಯಿತು. ಭೂಮಿ ಅಧಿಕೃತವಾಗಿ ಒಮ್ಮೆಯೂ ನಡುಗಿಲ್ಲ.

ನುಮೇರಿಯಸ್ ಹುಣ್ಣಿಮೆ ಹತ್ತಿರವಾದಂತೆ ಕಾಲಿಗೆ ಎಣ್ಣೆ ತಿಕ್ಕಿಕೊಂಡು, ಅಂಗಳದಲ್ಲಿ ನೆಟ್ಟಗೆ ನಡೆಯುವ ಅಭ್ಯಾಸ ಮಾಡುತ್ತಾನೆ. ಅವನು ಕುಂಟದೆ ಹತ್ತು ಹೆಜ್ಜೆ ಇಟ್ಟನೆಂದರೆ ಟೆಟ್ಟಿಯಾ ಒಳಗಿಂದ ಒನಕೆ ತಂದು, ಕಣ್ಣಲ್ಲಿ ನೀರು ತುಂಬಿಕೊಂಡು, ಅದೇ ಕಾಲಿಗೆ ಒಂದು ಬಾರಿಸುತ್ತಾಳೆ. ನಮ್ಮೂರಲ್ಲಿ ಹೆಣ್ಣು ಕೊಡುವಾಗ ಹಿರಿಯರು ಹುಡುಗಿಗೆ ಅವಳನ್ನೇ ಮಾದರಿಯಾಗಿ ತೋರಿಸುತ್ತಾರೆ.