ನೀಲಿ ಡ್ರಮ್ಮಿನ ಬೀಗಿತ್ತಿ

ಸಹನಾ, ವೀರೇಶ, ಇಬ್ಬರೂ ಜಗಳವಾಡದೆ ಒಟ್ಟಿಗೆ ಕುಳಿತು ಓದಿರಿ. ನಿಮ್ಮ ಸಿಂಧನೂರು ಅಜ್ಜಿಯಷ್ಟು ದೊಡ್ಡ ಬಾಯಿ ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ತಾಲೂಕಿನಲ್ಲಿ ಇನ್ನೊಬ್ಬರಿಗಿಲ್ಲ. ಅವರು ಅಂಗಳದಲ್ಲಿ ನಿಂತು ಹಾಲಿನವನನ್ನು ಕರೆದರೆ ಪಕ್ಕದ ಅಕ್ಕಿ ಗಿರಣಿ ಒಂದು ಕ್ಷಣ ನಿಂತು ಕೇಳುತ್ತದಂತೆ. ನಾನು ಪರೀಕ್ಷೆ ಮಾಡಿಲ್ಲ, ಆದರೆ ನಂಬುತ್ತೇನೆ! ಅಂಥ ನನ್ನ ಬೀಗಿತ್ತಿ ಒಂದು ದಿನ ಅರ್ಧ ಹಗಲು ತುಟಿಪಿಟಕ್ಕೆನ್ನದೆ ಮಲಗಿದ್ದರು ಎಂದರೆ ನೀವು ನಂಬುತ್ತೀರಾ? ಆ ದಿನ ನೀವಿಬ್ಬರೂ ಆಟದ ಸ್ಪರ್ಧೆಗೆಂದು ರಾಯಚೂರಿಗೆ ಹೋಗಿದ್ದಿರಿ. ಅದಕ್ಕೇ ಬರೆಯುತ್ತಿದ್ದೇನೆ. ಬಾಯಿಬಿಟ್ಟು ಹೇಳಬಹುದಲ್ಲ ಅನ್ನುವಿರಿ. ಸಂತೆಕಲ್ಲೂರಿನ ಶಾಲೆಯಲ್ಲಿ ನನಗೆ ಅಕ್ಷರ ಕಲಿಸಿದರು, ನಾಲ್ಕು ಜನರ ಮುಂದೆ ಮಾತಾಡುವುದನ್ನು ಮಾತ್ರ ಕಲಿಸಲಿಲ್ಲ.

ಎಲ್ಲ ಶುರುವಾದದ್ದು ಕಾಲುವೆಯಿಂದ. ಒಂದು ಮಳೆಗಾಲದಲ್ಲಿ ಕಾಲುವೆ ಒಡೆದು ಬೀಗಿತ್ತಿಯ ಓಣಿಗೆ ಮೊಣಕಾಲುಮಟ ನೀರು ನುಗ್ಗಿತು. ನೀರು ಇಳಿದ ಮೇಲೆ ಓಣಿಯ ಮಂದಿ ಮನೆ ತೊಳೆದು ಮರೆತರು. ಇವರು ಮರೆಯಲಿಲ್ಲ. ಮರುವಾರವೇ ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮು ತಂದು ಅದರಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಹಗ್ಗ, ಬ್ಯಾಟರಿ, ಸೀರೆ, ಮನೆಯ ಕಾಗದಪತ್ರ ತುಂಬಿ ಮುಚ್ಚಳ ಬಿಗಿದರು. ಮುಂದಿನ ಪ್ರವಾಹಕ್ಕೆ ತಯಾರಿ! ಆದರೆ ಪ್ರವಾಹ ತಿಂಗಳಿಗೊಮ್ಮೆ ಬರುತ್ತದೆಯೇ? ರೊಟ್ಟಿ ಹಾಗೇ ಇಟ್ಟರೆ ಹುಳ ಬೀಳುತ್ತದೆ. ಹಳೆಯದು ಖಾಲಿಯಾಗಬೇಕು, ಹೊಸದು ಸೇರಬೇಕು. ಖಾಲಿ ಮಾಡಲು ಯಾರಿದ್ದಾರೆ? ಬೀಗರಿದ್ದಾರಲ್ಲ!

ಒಮ್ಮೆ ನಾನು ಹೋದಾಗ ತಟ್ಟೆಗೆ ಅದೇ ರೊಟ್ಟಿ ಬಿತ್ತು. ಬೀಗರೆಂದರೆ ಹೋಳಿಗೆ ತುಪ್ಪವಲ್ಲವೇ? ಎಲ್ಲಿಲ್ಲದ ಧೈರ್ಯ ಮಾಡಿ ಕೇಳಿದೆ.

"ಹೋಳಿಗಿ ಮಾಡಿಲ್ಲೇನ್ರೀ?"

"ಪ್ರವಾಹ ಬಂದಾಗ ಹೋಳಿಗಿ ಹಳಸ್ತದರೀ ಬೀಗತೇರ. ರೊಟ್ಟಿ ಹಳಸಂಗಿಲ್ಲ."

"ಪ್ರವಾಹ ಎಲ್ಲಿ ಬಂದದ? ನಾ ಬಂದೀನಿ."

"ಎರಡೂ ಹೇಳದ ಬರ್ತಾವ, ತಗೋರಿ!"

ಹೊರಡುವಾಗ ಕುಪ್ಪಸದ ಬಟ್ಟೆಯ ಬದಲು ನನ್ನ ಕೈಗೆ ಇಟ್ಟದ್ದು ಏನು ಗೊತ್ತೇ? ಕೆಂಪು ದಾರ ಕಟ್ಟಿದ ಒಂದು ಸೀಟಿ! ಪೊಲೀಸರು ಊದುತ್ತಾರಲ್ಲ, ಅದೇ.

"ಕೊರಳಾಗ ಹಾಕ್ಕೊಳ್ರಿ. ಏನಾರ ಆದ್ರ ಜೋರ್ಲೆ ಊದ್ರಿ. ನಿಮ್ಮ ದನಿ ಮಗ್ಗಲ ಮನಿಗೂ ಮುಟ್ಟಂಗಿಲ್ಲ."

ನಿಮ್ಮ ಅಜ್ಜ ಹೋದ ಮೇಲೆ ಬರಿದಾದ ಕೊರಳಿಗೆ ಸೀಟಿಯೇ! ನಾಚಿಕೆಯಿಂದ ಭೂಮಿಗಿಳಿದೆ. ಮಸ್ಕಿಗೆ ಬಂದವಳೇ ಅದನ್ನು ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದೆ. ಆಮೇಲೆ ಬೀಗಿತ್ತಿ ಫೋನು ಮಾಡಿದಾಗಲೆಲ್ಲ "ಆರಾಮ ಇದ್ದೀರೇನು?" ಎಂಬುದಕ್ಕಿಂತ ಮೊದಲು ಕೇಳುತ್ತಿದ್ದದ್ದು, "ಊದಿ ನೋಡಿದ್ರೇನು?"

ಮುಂದೆ ಒಂದು ವರ್ಷ ಕೃಷ್ಣೆ ಉಕ್ಕಿದಳು. ಲಿಂಗಸುಗೂರು ಕಡೆಯ ಹೊಳೆದಂಡೆಯ ಮಂದಿಯನ್ನು ಒಂದು ಶಾಲೆಗೆ ತಂದಿದ್ದರು. ಬೀಗಿತ್ತಿ ಬಿಡುತ್ತಾರೆಯೇ? ಓಣಿಯ ಹೆಂಗಸರಿಂದ ರೊಟ್ಟಿ ಮಾಡಿಸಿ, ಟಂಟಂ ಗಾಡಿ ಹತ್ತಿ ಹೋದರು. ಅಲ್ಲಿ ನೋಡಿದರೆ ನೆರವಿನ ಸಂಸ್ಥೆಗಳ ಸಾಲು. ಮೊದಲಿನವರು ಬಕೆಟ್ ಹಂಚಿದ್ದರು. ಎರಡನೆಯವರೂ ಬಕೆಟ್. ಆಮೇಲೆ ಬಂದವರೂ ಬಕೆಟ್! ಒಬ್ಬ ಮುದುಕ ತನ್ನ ಪಾಲಿನ ಬಕೆಟ್ಟುಗಳನ್ನು ಒಂದರೊಳಗೊಂದು ಇಟ್ಟು ಅದರ ಮೇಲೆ ಕುಳಿತಿದ್ದನಂತೆ. ಕುಡಿಯಲು ನೀರಿಲ್ಲ, ಹೊದೆಯಲು ಏನೂ ಇಲ್ಲ.

ಬೀಗಿತ್ತಿ ಶಾಲೆಯ ಕಟ್ಟೆ ಹತ್ತಿ ಎಲ್ಲ ಸಂಸ್ಥೆಯವರನ್ನೂ ಕರೆದರು. ಅವರ ಕರೆಗೆ ಬರದಿರುವವರು ಉಂಟೇ?

"ನಿಮ್ಮೊಳಗ ಯಾರಾರ ಮದುವಿ ಮಾಡೀರೇನು? ಮದುವಿ ಮನ್ಯಾಗ ಎಲ್ಲಾರೂ ಉಪ್ಪಿನಕಾಯಿ ಬಡಸ್ತೀವಂದ್ರ ಅನ್ನ ಯಾರು ಬಡಸ್ಬೇಕು? ನೀವು ನೀರು ನೋಡ್ರಿ. ನೀವು ಹಾಸಿಗಿ. ನೀವು ಔಷಧ. ರೊಟ್ಟಿ ನಂದು. ಇನ್ನ ಮ್ಯಾಲ ಯಾರಾರ ಬಕೀಟು ತಂದ್ರ ನೋಡ್ರಿ ಮತ್ತ!"

ಹಾಗೇ ನಡೆಯಿತು. ಹೊಗಳಿಕೆಯೋ ಹೊಗಳಿಕೆ! ಮುಂದೆ ಮತ್ತೊಮ್ಮೆ ಹೊಳೆ ಬಂದಾಗ ಸಂಸ್ಥೆಯವರೆಲ್ಲ ಮೊದಲೇ ಮಾತಾಡಿಕೊಂಡು ನೀರು, ಹಾಸಿಗೆ, ಔಷಧ ಎಲ್ಲ ತಂದರು. ಆದರೆ ನೀರು ತುಂಬಿಡಲು ಇಡೀ ಶಾಲೆಯಲ್ಲಿ ಒಂದೇ ಒಂದು ಬಕೆಟ್ ಇರಲಿಲ್ಲ! ಇವರ ಬಾಯಿಗೆ ಹೆದರಿ ಯಾರೂ ತಂದಿರಲಿಲ್ಲ. ಬೀಗಿತ್ತಿ ಸ್ವಲ್ಪವಾದರೂ ನಾಚಿಕೊಂಡರೇ? "ಏನೂ ಮರೀಲಿಲ್ಲಂದ್ರ ಅದು ಮದುವಿನೇ ಅಲ್ಲ" ಎಂದು ನಕ್ಕು, ಊರಿನ ಮನೆಮನೆಗೆ ಹೋಗಿ ಹಂಡೆ ಇಸಿದುಕೊಂಡು ಬಂದರು.

ಹೋದ ವರ್ಷ ನಮ್ಮ ಮಸ್ಕಿಗೆ ಒಂದು ತರಬೇತಿ ಬಂತು. ದೇಶದ ತುಂಬ ಜನ ವಿಪತ್ತಿಗೆ ಮೊದಲೇ ಸಜ್ಜಾಗಿರಬೇಕು, ನೆರವಿನ ಸಂಸ್ಥೆಗಳು ಒಂದರ ಕೈ ಇನ್ನೊಂದು ಹಿಡಿದು ಕೆಲಸ ಮಾಡಬೇಕು ಎಂದು ಕಲಿಸುವ ತರಬೇತಿ. ಹಳ್ಳದ ದಂಡೆಯ ನಮ್ಮ ಓಣಿಗೆ ನೀರು ಬಂದಂತೆ ನಟಿಸಿ, ಎಲ್ಲರನ್ನೂ ಎತ್ತಿ ಶಾಲೆಗೆ ಸಾಗಿಸುವ ಮಾಕ್ ಡ್ರಿಲ್ ಮಾಡುತ್ತಾರಂತೆ. ಬೀಗಿತ್ತಿಗೂ ಕರೆ ಹೋಯಿತು. ಮೊದಲ ಬಸ್ಸಿಗೇ ಬಂದಿಳಿದರು, ಡ್ರಮ್ಮಿನ ಸಮೇತ!

ಬಸ್ಸಿನಲ್ಲಿ ಕಂಡಕ್ಟರ್ "ಡ್ರಮ್ಮಿಗೂ ಟಿಕೀಟು ತಗೋರಿ" ಎಂದನಂತೆ.

"ತಮ್ಮಾ, ಬಸ್ಸು ಹಳ್ಳಕ್ಕ ಬಿದ್ರ ತೇಲೋದು ಇದೊಂದ. ನೀನೂ ಇದನ್ನ ಹಿಡ್ಕೊಂತಿ. ಆಗ ನಾ ನಿನಗ ಟಿಕೀಟು ಕೇಳ್ಲೇನು?"

ಕಂಡಕ್ಟರ್ ಹಿಂದಿನ ಸೀಟಿನವರ ಕಡೆಗೆ ಹೋದ.

ಡ್ರಿಲ್ಲಿಗೆ ಬಂದವರು ಬಣ್ಣಬಣ್ಣದ ಜಾಕೀಟು ಹಾಕಿದ್ದರು. ಕೇಸರಿಯವರು ಜನರನ್ನು ಎತ್ತುವವರು, ನೀಲಿಯವರು ಔಷಧದವರು, ಹಸಿರಿನವರು ಊಟದವರು. ತರಬೇತಿಯ ಸಾಹೇಬರು ಓಣಿಯವರಿಗೆ ಪಾತ್ರ ಹಂಚಿದರು. ಬೀಗಿತ್ತಿಗೆ ಮಾಳಿಗೆಯ ಮೇಲೆ ನಿಂತು "ಕಾಪಾಡ್ರಿ!" ಎಂದು ಕೂಗುವ ಪಾತ್ರ. ಇದಕ್ಕಿಂತ ಒಪ್ಪುವ ಪಾತ್ರವಿದೆಯೇ? ಆದರೆ ಅವರು ತಲೆ ಅಲ್ಲಾಡಿಸಿದರು.

"ನನಗ ಬ್ಯಾಡ. ನಾ ಮಂಚದ ಮ್ಯಾಲ ಮಲಗಿದ ಮುದಿಕಿ ಆಗ್ತೀನಿ." ಆಮೇಲೆ ನನ್ನ ಕಡೆ ತಿರುಗಿ, "ಬೀಗತೇರ, ನೀವು ಶಾಲಿಗೆ ನಡೀರಿ, ಚಹಾ ಕಾಸಾಕ ಮಂದಿ ಬೇಕಾಗ್ಯಾರ. ನಿಮ್ಮ ಮಂಚ ಇವತ್ತು ನಂದು" ಎಂದರು.

ಸೊಂಟ ಹಿಡಿದಿರಬೇಕು, ಮಲಗಲು ಉಪಾಯ ಹುಡುಕಿದ್ದಾರೆ ಎಂದುಕೊಂಡು ನಾನು ನನ್ನ ಮೊಣಕಾಲು ಹಿಡಿದುಕೊಂಡು ಶಾಲೆಗೆ ಹೋದೆ.

ಡ್ರಿಲ್ಲು ಭರ್ಜರಿಯಾಗಿ ನಡೆಯಿತು. ಮಾಳಿಗೆಯ ಮೇಲೆ ಕೂಗಿದವರನ್ನು ಇಳಿಸಿದರು, ಕಟ್ಟೆಯ ಮೇಲೆ ಅತ್ತವರನ್ನು ಹೊತ್ತು ತಂದರು. ಗಾಯವೇ ಇಲ್ಲದವರಿಗೆ ಪಟ್ಟಿ ಕಟ್ಟಿದರು. ಊಟವೂ ಆಯಿತು. ಕೊನೆಗೆ ಸಾಹೇಬರು ಮೈಕು ಹಿಡಿದು "ಒಬ್ಬರನ್ನೂ ಬಿಡದೆ ಎಲ್ಲರನ್ನೂ ರಕ್ಷಿಸಿದ್ದೇವೆ" ಎಂದರು. ಚಪ್ಪಾಳೆ!

ನನಗೆ ಮಾತ್ರ ಏನೋ ಕಡಿಮೆಯಾದಂತೆ ಅನ್ನಿಸಿತು. ಊಟ ಚೆನ್ನಾಗಿತ್ತು, ಚಹಾ ಚೆನ್ನಾಗಿತ್ತು. ಮತ್ತೇನು? ಸದ್ದು! ಶಾಲೆಯಲ್ಲಿ ಇಷ್ಟು ಸಮಾಧಾನ ಹೇಗೆ? ನನ್ನ ಬೀಗಿತ್ತಿ ಎಲ್ಲಿ?

ಯಾರಿಗಾದರೂ ಹೇಳಬೇಕಲ್ಲ. ಪಕ್ಕದವರನ್ನು ತಿವಿದೆ, ಅವರು ಚಪ್ಪಾಳೆಯಲ್ಲಿದ್ದರು. ಬೇರೆ ದಾರಿ ಕಾಣದೆ ಎದ್ದು ನಿಂತೆ. ಜೀವನದಲ್ಲಿ ಮೊದಲ ಸಲ, ಅಷ್ಟು ಜನರ ಮುಂದೆ!

"ನಮ್ಮ ಬೀಗತೇರು ಬಂದಿಲ್ರೀ..."

"ಏನಂದ್ರಿ ಅಮ್ಮಾ?"

"ಬಂದಿಲ್ರೀ..."

ಮೈಕು ನನ್ನ ಬಾಯಿಗೆ ಹಿಡಿದರು. "ನಮ್ಮ ಬೀಗತೇರನ್ನ ನೀವು ಬಿಟ್ಟು ಬಂದೀರಿ!" ಅದು ನನ್ನದೇ ದನಿಯೇ? ಹಳ್ಳದ ಆಚೆಗೂ ಕೇಳಿಸಿತಂತೆ.

ನೀಲಿಯವರು ಕೇಸರಿಯವರನ್ನು ನೋಡಿದರು, ಕೇಸರಿಯವರು ಹಸಿರಿನವರನ್ನು. "ನೀವು ತಂದಿರಿ ಅನ್ಕೊಂಡ್ವಿ." "ಅಯ್ಯ, ನೀವು ತಂದಿರಿ ಅಂತ ನಾವು!" ಇಡೀ ಸಭೆ ನಮ್ಮ ಮನೆಗೆ ಓಡಿತು. ನಾನು ಕುಂಟುತ್ತ ಹಿಂದೆ.

ಮಂಚದ ಮೇಲೆ ನನ್ನ ಕೌದಿ ಹೊದ್ದು ಬೀಗಿತ್ತಿ ಮಲಗಿದ್ದರು. ಊಟವಿಲ್ಲ, ನೀರಿಲ್ಲ.

"ಏಳ್ರಿ ಅಜ್ಜಿ, ಡ್ರಿಲ್ ಮುಗೀತು" ಎಂದರು ಸಾಹೇಬರು.

"ನಿಮ್ದು ಮುಗದದ. ನನ್ನನ್ನ ಇನ್ನೂ ಯಾರೂ ಎತ್ತಿಲ್ಲ."

"ಒಂದು ಸಲ ಕೂಗಿದ್ದರೆ ಸಾಕಿತ್ತಲ್ಲ!"

"ನಾ ಹ್ಯಾಂಗ ಕೂಗ್ಲಿ? ಈ ಮಂಚದಾಕಿ ಕೂಗಂಗಿಲ್ಲ. ನೀರು ಮೂಗಿಗೆ ಬಂದ್ರೂ, ಯಾರಿಗೂ ತ್ರಾಸು ಬ್ಯಾಡ ಅಂತ ಸುಮ್ನ ಕುಂದರಾಕಿ. ಸೀಟಿ ಕೊಟ್ರ ಮೊಳಿಗೆ ಹಾಕ್ಯಾಳ. ಮಗ ಅಂಗಡ್ಯಾಗ ಇರ್ತಾನ, ಸೊಸಿ ಊರಾಚಿ ಶಾಲ್ಯಾಗ ಕಲಸಾಕ ಹೋಗಿರ್ತಾಳ. ಹಗಲೊತ್ತು ನೀರು ಬಂದ್ರ ಈಕಿನ್ನ ಯಾರು ಎತ್ತಬೇಕು? ಅದನ್ನ ನೋಡಾಕಂತ ನಾ ಮಲಗಿದ್ದು."

ಕೇಸರಿ ಜಾಕೀಟಿನವರು ಮಂಚವನ್ನೇ ಎತ್ತಿದರು. ಶಾಲೆಯ ದಾರಿಯುದ್ದಕ್ಕೂ "ಸಾವಕಾಶ ಒಯ್ರಪ್ಪಾ, ಹೆಣ ಅಲ್ಲ ನಾನು!" ಎಂದು ಬೀಗಿತ್ತಿ ಬೈಯುತ್ತಲೇ ಇದ್ದರು. ಎಲ್ಲರೂ ನಕ್ಕರು. ನಾನು ಮಂಚದ ಪಕ್ಕದಲ್ಲಿ ನಡೆಯುತ್ತಿದ್ದೆ. ಕೌದಿಯೊಳಗಿನಿಂದ ಒಂದು ಕೈ ಬಂದು ನನ್ನ ಕೈ ಹಿಡಿಯಿತು.

ನನಗೊಬ್ಬಳಿಗೇ ಕೇಳುವಂತೆ, ನನ್ನಷ್ಟೇ ಸಣ್ಣ ದನಿಯಲ್ಲಿ ಬೀಗಿತ್ತಿ ಹೇಳಿದರು: "ಯಾರೂ ಬರ್ಲಿಲ್ರೀ ಬೀಗತೇರ. ಬಾಗ್ಲ ಮುಂದ ಓಡಾಡಿದ್ರು, ಒಳಗ ಯಾರೂ ಹಣಿಕಿ ಹಾಕ್ಲಿಲ್ಲ. ನನಗ ಖರೇನ ಅಂಜಿಕಿ ಬಂತು."

ಈಗ ಮಳೆ ಮೋಡ ಕಂಡರೆ ಕೇಸರಿ ಜಾಕೀಟಿನವರು ಮೊದಲು ನಮ್ಮ ಮನೆಯ ಒಳಗೆ ಬಂದು ಹಣಿಕಿ ಹಾಕಿ ನೋಡುತ್ತಾರೆ. ಸೀಟಿ ಮೊಳೆಯ ಮೇಲಿಲ್ಲ, ಸೆರಗಿನೊಳಗೆ ನನ್ನ ಕೊರಳಲ್ಲಿದೆ. ನೀವು ನೋಡಿ ನಗಬಾರದೆಂದು ಇಷ್ಟು ದಿನ ಹೇಳಿರಲಿಲ್ಲ. ಒಮ್ಮೆ ಊದಿಯೂ ನೋಡಿದೆ. ಬೀದಿಯ ನಾಯಿ ಬಂದು ಬಾಗಿಲಲ್ಲಿ ನಿಂತಿತು, ಅಷ್ಟೇ. ಫೋನಿನಲ್ಲಿ ಹೇಳಿದರೆ ಬೀಗಿತ್ತಿ, "ಸಿಂಧನೂರಿಗೆ ಕೇಳ್ಲಿಲ್ಲ. ಇನ್ನೊಮ್ಮೆ ಊದ್ರಿ!" ಎಂದರು.

ಮಕ್ಕಳೇ, ಓದಿ ಮುಗಿದ ಮೇಲೆ ಈ ಹಾಳೆಗಳನ್ನು ಎಲ್ಲೆಂದರಲ್ಲಿ ಬಿಡಬೇಡಿರಿ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸಿಂಧನೂರಿಗೆ ಒಯ್ದು, ಅಜ್ಜಿಗೆ ಕಾಣದಂತೆ ಆ ನೀಲಿ ಡ್ರಮ್ಮಿನಲ್ಲಿ ರೊಟ್ಟಿಯ ಕೆಳಗೆ ಇಡಿರಿ. ಎಂಥ ನೀರು ಬಂದರೂ ಅದು ತೇಲುತ್ತದೆ.