ಮಾಸ್ತರರು ಹೇಳಿದ ಹತ್ತು ಕಂತು

ಗುರುಪ್ರಸನ್ನ ಮಾಸ್ತರರು ದೇವದುರ್ಗದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು. ಮನೆ ಮಾತ್ರ ರಾಯಚೂರಿನಲ್ಲಿ, ಹಾಗಾಗಿ ದಿನಾ ಬಸ್ಸಿನ ಓಡಾಟ. ಷೇರು ಪೇಟೆ ಕುಸಿದ ಆ ಸೋಮವಾರವೂ ಅವರು ಬಸ್ಸಿನಲ್ಲೇ ಇದ್ದರು. ಮೊಬೈಲ್ ತೆಗೆದು ನೋಡಿದರೆ, ಮ್ಯೂಚುವಲ್ ಫಂಡಿನಲ್ಲಿ ಒಂಬತ್ತು ಲಕ್ಷಕ್ಕೆ ಬೆಳೆದಿದ್ದ ದುಡ್ಡು ಏಳಕ್ಕಿಳಿದಿತ್ತು. ಮನೆಯ ಮೇಲೆ ಇನ್ನೊಂದು ಮಹಡಿ ಎಬ್ಬಿಸಲು ಹನ್ನೊಂದು ವರ್ಷದಿಂದ ಕೂಡಿಸಿದ್ದು. ಬಸ್ಸು ಒಂದೊಂದು ಗುಂಡಿಗೆ ಇಳಿದಾಗಲೂ ಕಟ್ಟದ ಆ ಮಹಡಿಯ ಒಂದೊಂದು ಗೋಡೆ ಕುಸಿದಂತಾಗಿ, ನೆಟ್‌ವರ್ಕ್ ಹೋಗುವುದರೊಳಗೆ ಎಲ್ಲವನ್ನೂ ಮಾರಿಬಿಟ್ಟರು. ದೇವದುರ್ಗದಲ್ಲಿ ಇಳಿಯುವಾಗ ಹೆರಿಗೆಯಾದವರಷ್ಟು ಹಗುರಾಗಿದ್ದರು.

ಸಂಜೆ ಚಪ್ಪಲಿ ಬಿಡುತ್ತಲೇ ಹೆಂಡತಿಗೆ ಘೋಷಿಸಿದರು. “ಅಹಲ್ಯಾ, ನಾವು ಪೇಟಿಯಿಂದ ಹೊರಗ ಬಂದ್ವಿ!”

“ಪೇಟಿಗೆ ಹೋಗಿದ್ರೇನು? ಮತ್ತ ಕೊತ್ತಂಬರಿ ಎಲ್ಲದ?”

ಯಾವ ಪೇಟೆ ಎಂದು ತಿಳಿದ ಮೇಲೆ ಅಹಲ್ಯಾಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. (ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಇದು ಶುಭಲಕ್ಷಣವಲ್ಲವೆಂದು ಮಾಸ್ತರರಿಗೆ ಗೊತ್ತಿತ್ತು.)

“ಎರಡು ಲಕ್ಷ ಕಳಕೊಂಡು ಬಂದೀರಿ, ದಂಡು ಗೆದ್ದು ಬಂದವರಂಗ ಮಾತಾಡ್ತೀರಲ್ರೀ! ನನ್ನ ಟ್ಯೂಷನ್ ರೊಕ್ಕಾನೂ ಅದರಾಗ ಇತ್ತು. ಒಂದು ಮಾತು ಕೇಳಬಾರದಿತ್ತೇನು?”

“ಕೇಳೂವಷ್ಟು ವ್ಯಾಳ್ಯಾ ಇರ್ಲಿಲ್ಲ. ಇದು ಸೋಲಲ್ಲ, ರಣತಂತ್ರ.”

ಮುಂದಿನ ಎರಡು ದಿನ ಪೇಟೆ ಇನ್ನಷ್ಟು ಬಿತ್ತು. ಮಾಸ್ತರರ ಕಾಲು ನೆಲಕ್ಕೆ ತಾಗಲಿಲ್ಲ. ಶಾಲೆಯ ಆಟದ ಮಾಸ್ತರ ನಯೀಮ್ ಸರ್ ಮುಂದೆ ಮಾರಿದ ಸುದ್ದಿ ಹೇಳಿದರು. ನಯೀಮ್ ಸರ್ ಬಾಯಿಂದ ಅದು ತಾಲೂಕು ದಾಟುವಷ್ಟರಲ್ಲಿ “ಬೀಳೂದಕ್ಕ ಮೊದಲss ಮಾರ್‍ಯಾರಂತ” ಎಂದಾಗಿತ್ತು. ಮಕ್ಕಳ ಉತ್ತರಪತ್ರಿಕೆಯಲ್ಲಿ ಅರ್ಧ ಅಂಕವನ್ನೂ ಬಿಡದ ಮಾಸ್ತರರು ಈ ತಪ್ಪನ್ನು ಮಾತ್ರ ತಿದ್ದಲಿಲ್ಲ.

ಮೂರನೆಯ ದಿನ ಪೇಟೆ ಎದ್ದು ಕೂತಿತು. ತಿಂಗಳೊಳಗೆ ಅವರು ಮಾರಿದ ಬೆಲೆಯನ್ನೂ ದಾಟಿ ನಡೆಯಿತು. ಏಳು ಲಕ್ಷ ಬ್ಯಾಂಕಿನಲ್ಲಿ ಸುಮ್ಮನೆ ಬಿದ್ದಿತ್ತು.

“ಒಮ್ಮೆಲೆ ಹಾಕ್ರಿ, ಇಲ್ಲಾ ಸ್ವಲ್ಪ ಸ್ವಲ್ಪ ಹಾಕ್ರಿ. ಏನರೆ ಒಂದು ಮಾಡ್ರಿ,” ಎಂದರು ಅಹಲ್ಯಾಬಾಯಿ.

“ತಡಿ, ತಿರುಗಿ ಬೀಳ್ತದ. ನಾ ಮಾರಿದ ರೇಟಿಗೆ ಬರ್ಲಿ.”

“ನೀವು ಎಷ್ಟಕ್ಕ ಮಾರೀರಂತ ಅದಕ್ಕೇನು ಗೊತ್ತರೀ?”

ಮಾರಿದ್ದಕ್ಕಿಂತ ಹೆಚ್ಚಿಗೆ ಕೊಟ್ಟು ಅದನ್ನೇ ಕೊಳ್ಳುವುದೆಂದರೆ, ತಪ್ಪಾಯಿತೆಂದು ತಾವೇ ಬರೆದು ಸಹಿ ಮಾಡಿದಂತೆ. ಅಷ್ಟು ಮಾತ್ರ ಮಾಸ್ತರರಿಂದಾಗದು.

ಅಷ್ಟರಲ್ಲಿ ನಯೀಮ್ ಸರ್ ಮಾನ್ವಿಯಲ್ಲಿ ಮಾಸ್ತರರದೊಂದು ಭಾಷಣ ಗೊತ್ತುಮಾಡಿದರು. ಮಾರಿದವರು ಮತ್ತೆ ಹೇಗೆ ಹೂಡಬೇಕು ಎಂಬುದೇ ವಿಷಯ. ಭಾನುವಾರ ಅಹಲ್ಯಾಬಾಯಿಯೂ ಹೊಸ ಇಳಕಲ್ ಸೀರೆಯುಟ್ಟು ಹೊರಟು, ಮೊದಲ ಸಾಲಿನಲ್ಲಿ ಕೂತರು. ಸಭೆಯಲ್ಲಿದ್ದ ಮಲ್ಲಟ ಊರಿನ ಕನಕಪ್ಪ ಎದ್ದು ನಿಂತು, “ಯಪ್ಪಾ, ನಾನೂ ಅಂಜಿ ಎಲ್ಲಾ ಮಾರೀನ್ರಿ. ಈಗ ಮ್ಯಾಲ ಹೊಂಟದ. ಏನು ಮಾಡ್ಲಿ?” ಎಂದ.

ಮಾಸ್ತರರು ಸೀಮೆಸುಣ್ಣ ಹಿಡಿದರು. ಹಿಡಿದ ಮೇಲೆ ಸುಳ್ಳು ಲೆಕ್ಕ ಬರೆಯಲು ಅವರ ಕೈ ಏಳುವುದಿಲ್ಲ. “ತಟ್ಟನ ಬೇಕಾಗೂ ರೊಕ್ಕ ಬ್ಯಾರೆ ತಗದಿಡು. ಉಳಿದದ್ದು ಹತ್ತು ಪಾಲು ಮಾಡು. ತಿಂಗಳಿಗೊಂದು ಪಾಲು, ಒಂದss ತಾರೀಖಿಗೆ ಹಾಕು. ಏರಿದ್ರೂ ಹಾಕು, ಇಳಿದ್ರೂ ಹಾಕು. ಹಳೀ ರೇಟು ಮರತುಬಿಡು. ತಳ ಎಲ್ಲದ ಅಂತ ಯಾರಿಗೂ ಗೊತ್ತಾಗೂದಿಲ್ಲ.” ಬೋರ್ಡಿನ ಮೇಲೆ ಕಾಯುವವನ ಗತಿ ಒಂದು ಕಡೆ, ಕಂತಿನವನ ಗತಿ ಒಂದು ಕಡೆ ಬರೆದು ತೋರಿಸಿದರು. ಚಪ್ಪಾಳೆಯೋ ಚಪ್ಪಾಳೆ! ಮೇಲೊಂದು ಶಾಲು.

ವಾಪಸು ಬಸ್ಸಿನಲ್ಲಿ, ಸೆಕೆ ಇದ್ದರೂ, ಮಾಸ್ತರರು ಶಾಲು ತೆಗೆಯಲಿಲ್ಲ.

“ಭಾಳ ಛಂದ ಹೇಳಿದ್ರಿ,” ಎಂದರು ಅಹಲ್ಯಾಬಾಯಿ. ಅವರ ಕಣ್ಣಲ್ಲಿ ನಿಜವಾಗಿಯೂ ಹೆಮ್ಮೆಯಿತ್ತು. “ನಾಳಿಗೆ ನಮ್ಮದು ಮೊದಲನೇ ಕಂತು?”

“ಏ, ಅದು ತಿಳೀಲಾರದವರಿಗೆ ಹೇಳಿದ್ದು. ತಿಳಿದವರು ಕಾಯ್ತಾರ.”

ಅಹಲ್ಯಾಬಾಯಿ ಕಿಟಕಿಯ ಕಡೆ ತಿರುಗಿದರು. ರಾಯಚೂರು ಬರುವವರೆಗೂ ತಿರುಗಿದ ಮುಖ ತಿರುಗಿಯೇ ಇತ್ತು.

ಮಾಸ್ತರರು ಕಾದರು. ಬೇಸಿಗೆ ಕಳೆಯಿತು, ಮಳೆ ಬಂದು ಹೋಯಿತು, ಚಳಿಯೂ ಬಂತು. ನಡುವೆ ಪೇಟೆ ಒಂದೆರಡು ಸಲ ಮುಗ್ಗರಿಸಿತು. “ಇನ್ನೂ ಬೀಳ್ತದ” ಎಂದು ಆಗಲೂ ಕಾದರು. ಬ್ಯಾಂಕಿನ ಖಾತೆ ಇಬ್ಬರ ಹೆಸರಿನಲ್ಲಿತ್ತು, ಮೆಸೇಜು ಬರುತ್ತಿದ್ದುದು ಹೆಂಡತಿಯ ಫೋನಿಗೆ. ಏಳು ಕಂಡರೆ ಒಂಬತ್ತು ನೆನಪಾಗುತ್ತದೆಂದು ಮಾಸ್ತರರು ಆ ಖಾತೆಯತ್ತ ತಲೆಯನ್ನೇ ಹಾಕಲಿಲ್ಲ.

ಹತ್ತು ತಿಂಗಳಾದ ಮೇಲೆ ಮಾನ್ವಿಯವರು ಮತ್ತೆ ಕರೆದರು. ಈ ಸಲ ಸನ್ಮಾನ. ಕನಕಪ್ಪ ಹಾರ ಹಾಕಿ, “ನಡುವ ಬಿದ್ದಾಗ ಅಂಜಿಕಿ ಬಂತ್ರಿ. ನಿಮ್ಮ ಮಾತು ನೆನಸಿ ಗಟ್ಟಿ ಕುಂತೆ. ಹತ್ತೂ ಮುಗಿಸೀನ್ರಿ,” ಎಂದ. ಮಾಸ್ತರರ ಎದೆ ಅಂಗಿಯ ಗುಂಡಿ ಕಿತ್ತುಬರುವಷ್ಟು ಉಬ್ಬಿತು. ಆಗ ನಯೀಮ್ ಸರ್ ಮೈಕು ಹಿಡಿದು, “ಸಾಹೇಬ್ರ, ನಿಮ್ಮ ಹತ್ತು ಕಂತಿನ ಕಥಿ ಹೇಳ್ರಿ. ನಾವೂ ಕೇಳ್ತೀವಿ,” ಎಂದರು.

ಉಬ್ಬಿದ್ದು ಇಳಿಯಿತು. ಮಾಸ್ತರರು ಕೆಮ್ಮಿದರು, ನೀರು ಕುಡಿದರು, ಇನ್ನೊಮ್ಮೆ ಕೆಮ್ಮಿದರು. ಸಭೆ ಬಾಯಿ ತೆರೆದು ಕಾಯುತ್ತಿತ್ತು. ಆಗ ಮೊದಲ ಸಾಲಿನಿಂದ ಅಹಲ್ಯಾಬಾಯಿ ಎದ್ದು, “ನಮ್ಮವೂ ಹತ್ತೂ ಮುಗಿದಾವ್ರಿ. ಏಳು ಲಕ್ಷದ ಮ್ಯಾಲ ಮೂವತ್ತೆಂಟು ಸಾವಿರ ಬಂದದ,” ಎಂದರು.

ಮಾಸ್ತರರ ಕಣ್ಣು ತುಂಬಿತು. ಗಂಡನ ಮಾನಕ್ಕಾಗಿ ಎಂಥ ಸುಳ್ಳು! ಬಸ್ಸು ಹತ್ತಿದ ಕೂಡಲೇ ಹೆಂಡತಿಯ ಕೈ ಹಿಡಿದು, “ಅಹಲ್ಯಾ, ಇವತ್ತು ನನ್ನ ಮರ್ಯಾದಿ ಉಳಿಸಿದಿ. ಸುಳ್ಳು ಹೇಳೂದು ನಿನಗ ಎಷ್ಟು ಕಷ್ಟ ಅಂತ ಗೊತ್ತದ,” ಎಂದರು.

“ಸುಳ್ಳು ಯಾಕ ಹೇಳ್ಲಿ?” ಅಹಲ್ಯಾಬಾಯಿ ಫೋನು ಮುಂದೆ ಹಿಡಿದರು. “ನೀವು ಭಾಷಣ ಮಾಡಿದ ಮರುದಿನss ಬ್ಯಾಂಕಿಗೆ ಹೋಗಿ ಬರದುಕೊಟ್ಟು ಬಂದೆ. ತಿಂಗಳಾ ಎಪ್ಪತ್ತು ಸಾವಿರ. ಒಂದು ಮಾತು ಕೇಳೋಣಂತ ಇದ್ದೆ, ನೀವು ಕಾಯೂದರಾಗ ಇದ್ರಿ.”

ಮಾಸ್ತರರು ಪರದೆ ನೋಡಿದರು. ಹತ್ತು ಕಂತು, ಒಂದೇ ತಾರೀಖು. ಒಂದೂ ತಪ್ಪಿಲ್ಲ. ಸಿಟ್ಟಿಗೇಳಬೇಕೋ ಬೇಡವೋ ಎಂದು ರಾಯಚೂರಿನವರೆಗೆ ಯೋಚಿಸಿದರು. ಕೊನೆಗೆ, ಇಷ್ಟು ವರ್ಷದಲ್ಲಿ ತಮ್ಮ ಪಾಠವನ್ನು ಇಷ್ಟು ಚೆನ್ನಾಗಿ ಕಲಿತ ಶಿಷ್ಯರು ಬೇರೆ ಯಾರೂ ಇಲ್ಲವೆಂದು ಹೊಳೆದು, ಸಿಟ್ಟಿನ ಬದಲು ಹೆಮ್ಮೆಯೇ ಬಂದುಬಿಟ್ಟಿತು.

ಮುಂದಿನ ಸಭೆ ದೇವದುರ್ಗದಲ್ಲಿ. ಆಮಂತ್ರಣ ಪತ್ರಿಕೆಯಲ್ಲಿ ಉಪನ್ಯಾಸಕರ ಹೆಸರು ಶ್ರೀಮತಿ ಅಹಲ್ಯಾಬಾಯಿ. ಮಾಸ್ತರರು ಬೋರ್ಡ್ ಒರೆಸಿದರು, ಹೆಂಡತಿ ಹೇಳಿದ ಅಂಕಿಗಳನ್ನು ದುಂಡಗೆ ಬರೆದರು. ಕೊನೆಯಲ್ಲಿ ಯಾರೋ, “ಅಕ್ಕಾರ, ಪೇಟಿ ಬಿದ್ದಾಗ ಏನು ಮಾಡಬಾರದರೀ?” ಎಂದು ಕೇಳಿದರು.

“ಅದನ್ನ ನಮ್ಮನಿಯವರು ಹೇಳ್ತಾರ,” ಎಂದು ಅಹಲ್ಯಾಬಾಯಿ ಮೈಕು ದಾಟಿಸಿದರು. “ಅದರಾಗ ಅವರಿಗೆ ಭಾಳ ಅನುಭವ ಅದ.”

ಮಾಸ್ತರರು ಅಂಗಿ ಸರಿಮಾಡಿಕೊಂಡು ಎದ್ದರು. ದೇವದುರ್ಗದ ಬಸ್ಸು, ಗುಂಡಿ, ನೆಟ್‌ವರ್ಕ್, ಏಳು ಲಕ್ಷ, ಒಂದನ್ನೂ ಬಿಡದೆ ಹೇಳಿದರು. ಮಾನ್ವಿಯಲ್ಲಿ ಸಿಕ್ಕ ಚಪ್ಪಾಳೆ ಇದರ ಅರ್ಧವೂ ಇರಲಿಲ್ಲ.